ಅವ್ವನ ಅಲ್ಲೆಲೂಯ

ಒಂದೇ ಮನೆಯಲ್ಲಿ ಮೂರು ಧರ್ಮದವರಿರುವ ಸಿದ್ದಿಗಳ ಒಂದು ಊರಿನ ಇಗರ್ಜಿಯಲ್ಲಿ ಮೂವತ್ತು ವರ್ಷ ಹಾಡು ಎತ್ತಿಕೊಟ್ಟವಳು ನತಾಲಿನಾ. ಸಾಯುವ ಮುಂಚೆ ಮಗಳು ಜುಲಿಯಾನಾಳ ಕೈ ಹಿಡಿದು ಅವಳು ಕೇಳಿದ್ದು ಒಂದೇ: ಮಣ್ಣು ಮಾಡುವಾಗ ಅಲ್ಲೆಲೂಯ ಹಾಡಬೇಕು. ಆದರೆ ಅವಳು ಕಣ್ಣು ಮುಚ್ಚಿದ್ದು ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ.

"ಹಬ್ಬದ ತನಕ ಆ ಸಂಭ್ರಮದ ಪದ ಎತ್ತುವಂತಿಲ್ಲ ಜುಲಿಯಾನಾ, ನಿನಗೇ ಗೊತ್ತಲ್ಲ," ಎಂದರು ಹೊಸ ಪಾದ್ರಿ.

"ಅಲ್ಲೆಲೂಯದ ಕಡೀಗಿರೋ 'ಯಾ' ದೇವ್ರ ಹೆಸರಿನ ತುಂಡು ಅಂತ ಕಲಿಸಿದೋರು ನೀವೇ. ಯೆಹೂದಿಗಳೂ ಅದನ್ನೇ ಕರೀತಾರ, ನಮ್ಮಂಗ ಆಫ್ರಿಕಾದಿಂದ ಹೋದ ಜಮೈಕಾದೋರೂ 'ಜಾ' ಅಂತ ಅದನ್ನೇ ಹಾಡ್ತಾರ ಅಂದ್ರಿ. ದೇವ್ರ ಹೆಸರಿಗೂ ಉಪಾಸ ಏನ್ರಿ ಫಾದರ್?"

"ವಾದ ಬೇಡ. ನಮ್ಮ ಇಗರ್ಜಿ ಸಭೆಯ ಒಬ್ಬರ ಬಾಯಿಂದ ಆ ಪದ ಬಂದರೂ ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಹೊರಡುತ್ತೇನೆ."

ಜುಲಿಯಾನಾ ತಲೆಯಾಡಿಸಿದಳು.

"ಆತ್ರಿ. ಸಭೆಯೋರು ಯಾರೂ ತುಟಿ ಬಿಚ್ಚಂಗಿಲ್ಲ. ಅವ್ವನಾಣಿ."

ಮರುದಿನ ಪಾದ್ರಿ ಪ್ರಾರ್ಥನೆ ಶುರುಮಾಡಿ, ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದರು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಗಟ್ಟಿ ದನಿಯೊಂದು "ಅಲ್ಲೆಲೂಯ" ಎಂದು ಎತ್ತಿತು. ಇನ್ನೊಂದು ದನಿ ಕೂಡಿಕೊಂಡಿತು. ಅವರು ಸಿಟ್ಟಿನಿಂದ ಜುಲಿಯಾನಾಳ ಕಡೆ ತಿರುಗಿದರು. ಅವಳು ತುಟಿ ಬಿಗಿದು ನಿಂತಿದ್ದಳು.

ಹಾಡುತ್ತಿದ್ದವರು ಅವ್ವನ ಒಡಹುಟ್ಟಿದವರು: ಬಿಳಿ ಟೋಪಿ ಹಾಕಿದ ಸೋದರಮಾವ ಹುಸೇನಸಾಬ, ಹಣೆ ತುಂಬ ಕುಂಕುಮವಿಟ್ಟ ಚಿಕ್ಕವ್ವ ಗಂಗೆ.