ನುಂಗಿದ ಅರ್ಧ

"ಏನಿಲ್ಲ, ತೇಜೂನ ಬೇರೆ ಕ್ಲಾಸಿಗೆ ಹಾಕ್ತಾರಂತೆ. ಹೂಂ ಅನ್ನು," ಎಂದ ಪದ್ಮನಾಭ. ಟೀಚರು ಮಗನ ಬಗ್ಗೆ ತಮಿಳಿನಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಇಷ್ಟಕ್ಕೇನಾ? ಪೆರಂಬೂರಿಗೆ ಬಂದಾಗಿನಿಂದ ಗಂಡ ಹೇಳಿದಷ್ಟೇ ವಸುಧಾಳಿಗೆ ತಮಿಳು. ಅವಳ ತಲೆ ಅಲ್ಲಾಡುವುದರಲ್ಲಿತ್ತು.

ಶಾಲೆಯವರು ಕರೆಸಿದ್ದ ದುಭಾಷಿ ಗೋದಾಬಾಯಿ ಅವಳ ಕೈ ಹಿಡಿದರು. "ಇರಮ್ಮಾ. ಸಾರ್, ನೀವು ಅರ್ಧ ನುಂಗಿದ್ರಿ. ನನ್ನ ವೇಲೆ, ನನ್ನ ಕೆಲಸ, ನನಗೆ ಬಿಡಿ."

ಆಮೇಲೆ ಒಂದನ್ನೂ ಬಿಡದೆ ಹೇಳಿದರು. ತೇಜುವಿಗೆ ಮಾತು ಬರುವುದು ಇನ್ನೂ ತಡವಾಗಬಹುದು, ಬಾರದೆಯೂ ಇರಬಹುದು. ಆದರೆ ಸಹಾಯಕ್ಕೆ ಇನ್ನೊಬ್ಬ ಟೀಚರು ಜೊತೆಗಿದ್ದರೆ ಅವನು ಗೆಳೆಯರೊಂದಿಗೆ ಈ ಕ್ಲಾಸಿನಲ್ಲೇ ಇರಬಹುದು. "ಅಮ್ಮ ಹೇಳಿದ ಹಾಗೆ ಮಾಡ್ತೀವಿ ಅಂತಿದಾರೆ."

"ನೀನು ಅಳ್ತೀಯಾಂತ..." ಪದ್ಮನಾಭ ತಡವರಿಸಿದ.

ವಸುಧಾ ಅತ್ತಳು, ನಿಜ. ಗೋದಾಬಾಯಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ಮತ್ತೆ ತಲೆಯೆತ್ತಿ, ಮೊದಲ ಸಲ ಟೀಚರನ್ನೇ ನೋಡಿ ಹೇಳಿದಳು: "ಇಲ್ಲೇ ಇರಲಿ."