ಅಣ್ಣ ಬರುವ ತನಕ

ತಾಯಿ ತೀರಿಕೊಂಡ ಸುದ್ದಿ ದೆಹಲಿಗೆ ಮುಟ್ಟಿದಾಗ ಅವನು ಚಹಾ ಸೋಸುತ್ತಿದ್ದ. ಸೋಸಿ ಮುಗಿಸಿದ. ಅಳು ಬರಲಿಲ್ಲ.

"ಅಣ್ಣ, ಸಂಜೆ ಫ್ಲೈಟ್ ಇದೆಯಂತೆ," ಎಂದಳು ಫೋನಿನಲ್ಲಿ ತಂಗಿ.

"ಭೂಮಿಗೆ ನನ್ನ ಪಾಲಿನ ಹೊಗೆ ಬೇಡ ಅಂತ ವಿಮಾನ ಹತ್ತೋದು ಬಿಟ್ಟೋನು ನಾನು. ನಿಂಗೆ ಗೊತ್ತಲ್ಲ. ರೈಲಿಗೆ ಬರ್ತೀನಿ."

"ಇರೋದೇ ನೀನೊಬ್ಬ ಮಗ. ಕೊಳ್ಳಿ ನೀನೇ ಇಡಬೇಕು."

"ನಾನು ಬರೋ ತನಕ ಇಟ್ಕೊಂಡಿರಿ."

"ಆಯ್ತು," ಎಂದಳು.

ರೈಲಿನಲ್ಲಿ ಅವನು ಕಿಟಕಿಗೆ ತಲೆ ಆನಿಸಿ ಕುಳಿತ. ಊರುಗಳು ಹಿಂದೆ ಸರಿದವು. ಒಳಗೆ ಏನೂ ಅಲುಗಲಿಲ್ಲ. ಹಿಡಿದ ವ್ರತ ಮುರಿಯಲಿಲ್ಲವೆಂಬ ಸಮಾಧಾನವೊಂದು ಜೊತೆಗಿತ್ತು.

ಮೂರನೆಯ ದಿನ ಬೆಳಿಗ್ಗೆ ಬೀದಿಯ ತಿರುವಿನಲ್ಲೇ ಗಡಗಡ ಸದ್ದು ಕೇಳಿಸಿತು. ಮನೆಯ ಮುಂದೆ ಶಾಮಿಯಾನ, ಅದರಡಿ ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆ, ಗಾಜಿನೊಳಗೆ ತಾಯಿ. ಪಕ್ಕದ ಬಿಳಿ ಗೋಡೆ ಸೂರಿನವರೆಗೂ ಕಪ್ಪಾಗಿತ್ತು. ಅವನಿಗೆ ಕೆಮ್ಮು ಬಂತು.

"ಏನಿದು ಸದ್ದು?"

"ಆವತ್ತೇ ಗಾಳಿಗೆ ಕಂಬ ಬಿದ್ದು ಕರೆಂಟ್ ಹೋಯ್ತು," ಎಂದಳು ತಂಗಿ, ಡೀಸೆಲ್ ಕ್ಯಾನು ಕೆಳಗಿಡುತ್ತ. "ನೀನು ಬರೋ ತನಕ ಅಂತ ಆಗಿಂದ ಜನರೇಟರ್ ಓಡ್ತಾನೇ ಇದೆ."