ಕರೆಂಟಿಲ್ಲದ ತಂತಿ

ಚಾವಡಿಯ ಪ್ಲಗ್ಗಿನಿಂದ ಗೋಡೆ ಹಿಡಿದು ನೆಲದೊಳಕ್ಕೆ ಇಳಿದಿದ್ದ ಅರ್ತ್ ತಂತಿಯನ್ನು ಚೇರ್ಮನ್ ಸದಾಶಿವಪ್ಪ ಕೀಳಿಸಿ, ತನ್ನ ಗದ್ದೆಯ ಪಂಪ್‌ಸೆಟ್ ಮನೆಗೆ ಹಾಕಿಸಿಕೊಂಡ. "ಈ ತಂತೀಲಿ ಕರೆಂಟೇ ಓಡಾಕಿಲ್ಲ. ದಂಡಕ್ಕ ಮಣ್ಣಲ್ಲಿ ಹೂತಿಟ್ಟವ್ರ" ಅಂದ.

ಆಮೇಲೆ ಒಂದು ದಿನ ಚಾವಡಿಯ ಕಬ್ಬಿಣದ ಟೇಬಲ್ ಫ್ಯಾನು ಆಳು ಮಾರಯ್ಯನನ್ನು ಹಿಡಿಯಿತು. ಸೆಕೆಗೆ ನೆಲ ತಂಪಾಗಲೆಂದು ನೀರು ಚೆಲ್ಲಿ, ಆ ನೀರಲ್ಲೇ ಬರಿಗಾಲಲ್ಲಿ ನಿಂತು ಫ್ಯಾನು ಹಾಕುವುದು ಅವನ ಕೆಲಸ. ಓಡುತ್ತಿದ್ದ ಫ್ಯಾನಿನ ಮುಖ ತಿರುಗಿಸಲು ಮುಟ್ಟಿದವನು ಎಗರಿ ಗೋಡೆಗೆ ಬಿದ್ದ. ಹಲಗೆ ಹಾಸಿದ ಎತ್ತರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸದಾಶಿವಪ್ಪ, ಜೋಡು ಮೆಟ್ಟಿದ ಕಾಲು ಇಳಿಸದೆಯೇ ಕೈ ಚಾಚಿ ಅದೇ ಫ್ಯಾನಿನ ಬೆನ್ನು ಸವರಿ ತೋರಿಸಿದ. "ನಂಗೇನೂ ಮಾಡ್ನಿಲ್ವಲ್ಲ! ಕರೆಂಟ್ಗೂ ಜನ ಗೊತ್ತಾಯ್ತದ ಕಣ್ಲಾ ಮಾರಾ." ಸುತ್ತ ಕೂತವರೆಲ್ಲ ನಕ್ಕರು. ಮಾರಯ್ಯನ ಬಲಗೈ ಅಂದಿನಿಂದ ಮೇಲೆದ್ದಿಲ್ಲ.

ಇವತ್ತು ಕೊಳ್ಳೇಗಾಲದಿಂದ ಸಾಹೇಬರು ಬರುತ್ತಾರೆ, ಗಂಡನ ಬದಲು ನೀನೇ ಬಾ ಎಂದು ಮಾರಯ್ಯನ ಹೆಂಡತಿ ಚನ್ನಾಜಮ್ಮನಿಗೆ ಚಾವಡಿಯಿಂದ ಹೇಳಿಕೆ ಬಂತು. ಲೈನ್‌ಮನ್ ಮಾದಸ್ವಾಮಿ ಕೇರಿಯ ಬಾಯಲ್ಲಿ ಸೈಕಲ್ ನಿಲ್ಲಿಸಿ ಹೇಳಿಹೋದ ಮಾತು ಅವಳ ಕಿವಿಯಲ್ಲೇ ಇತ್ತು: "ತಂತಿ ಇದ್ದಿದ್ರ ಫ್ಯಾನ್ ಮೈಗ ಬಂದ ಕರೆಂಟು ನೆಲಕ್ಕ ಇಳ್ಕತಿತ್ತು ಕಣವ್ವ. ಈಗ ತಂತಿ ಇಲ್ಲ. ನಿನ್ ಗಂಡನ ಬರಿಗಾಲೇ ತಂತಿ ಆಯ್ತು."

ಅವಳು ಸೂರಿನಲ್ಲಿ ಸಿಕ್ಕಿಸಿದ್ದ ಗಂಡನ ಎಕ್ಕಡ ಎಳೆದು ಕುಕ್ಕೆಗೆ ಹಾಕಿಕೊಂಡಳು. ಲಾರಿ ಟೈರಿನದು. ಸೌದೆಗೆಂದು ಕಾಡಿಗೆ ಹೋಗುವಾಗ ಮಾತ್ರ ಮೆಟ್ಟುತ್ತಿದ್ದ. ಮೇಲುಕೇರಿ ದಾಟುವವರೆಗೂ ಅವು ಕೈಯಲ್ಲೇ ಇರುತ್ತಿದ್ದವು.

"ಅದ್ಯಾಕ ಅದು?" ಮಾರಯ್ಯ ಎದ್ದು ಕೂತ.

"ಕಾಲ್ಗ."

"ಚಾವಡಿ ವಳೀಕ ಎಕ್ಕಡ ಮೆಟ್ಕಂಡು ಹೋದೀಯಾ? ಊರಲ್ಲಿ ಬಾಳ್ಸಾರೇನಮ್ಮಿ?"

"ಮೆಟ್ದೆ ಹೋದ್ರ ನೀ ಬಾಳ್ಸೀಯಾ, ಒಂದ್ ಕೈಲಿ?"

ಮಾರಯ್ಯ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

ಬಿಸಿಲು ಹೆಂಚು ಕಾಯಿಸುತ್ತಿತ್ತು. ಚನ್ನಾಜಮ್ಮ ಚಾವಡಿ ಗುಡಿಸಿ ಕೊಡಗಟ್ಟಲೆ ನೀರು ಚೆಲ್ಲಿದಳು. ಸಾಹೇಬರು ಬಂದು ಸದಾಶಿವಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಫ್ಯಾನ್ ಹಾಕಮ್ಮಿ" ಎಂದ ಸದಾಶಿವಪ್ಪ.

ಅವಳು ಜಗಲಿಗೆ ಹೋಗಿ ಕುಕ್ಕೆಯಿಂದ ಎಕ್ಕಡ ತೆಗೆದು ಮೆಟ್ಟಿಕೊಂಡು ಬಂದಳು. ಒದ್ದೆ ನೆಲದಲ್ಲಿ ಅದು ಪಚಕ್ ಪಚಕ್ ಎಂದಿತು. ಮಾದಸ್ವಾಮಿಯ ಮಾತು ಸುಳ್ಳಾದರೆ? ಎಕ್ಕಡದಲ್ಲಿ ಎಲ್ಲಾದರೂ ತೂತಿದ್ದರೆ? ಪ್ಲಗ್ಗು ಸಿಕ್ಕಿಸಿದಳು. ಫ್ಯಾನು ಗೋಡೆಗೆ ಮುಖ ಮಾಡಿ ಗಿರ್ರೆಂದಿತು.

"ಸಾಹೇಬ್ರ ಕಡೀಕ ತಿರುಗ್ಸು" ಎಂದ ಸದಾಶಿವಪ್ಪನ ಕಣ್ಣು ಅವಳ ಕಾಲಿಗೆ ಬಿತ್ತು. "ಏನಮ್ಮಿ ಅದು ಕಾಲಲ್ಲಿ?"

"ಎಕ್ಕಡ, ಬುದ್ದಿ."

"ಕಾಣ್ತದ. ಯಾರ್ ಮುಂದ ಮೆಟ್ಟಿದ್ದೀಯ ಗೊತ್ತಾ? ಕಳಚು!"

"ಇದ್ ಕಳ್ಚುದ್ರ ಅದು ಹಿಡೀತದ ಬುದ್ದಿ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಏನು ಹಿಡಿಯುತ್ತಂತೆ?"

"ಏನಿಲ್ಲ ಸಾ, ಅಂಜ್ಕುಳಿ ಇವ್ಳು" ಎಂದು ನಕ್ಕ ಸದಾಶಿವಪ್ಪ, ಅವಳ ಕಡೆ ತಿರುಗಿದಾಗ ನಗುತ್ತಿರಲಿಲ್ಲ. "ನಾನು ಮುಟ್ಟಿ ತೋರಿಸ್ನಿಲ್ವಾ ನಿನ್ ಗಂಡಂಗ?"

"ತೋರಿಸುದ್ರಿ ಬುದ್ದಿ, ಹಲಗೆ ಮ್ಯಾಲ, ಜೋಡ್ ಮೆಟ್ಕಂಡು. ಇವತ್ತು ಕೆಳಕ ಇಳೀರಿ. ಜೋಡು ಕಳ್ದು, ಈ ನೀರಲ್ಲಿ ನಿಂತ್ಕಂಡು ಒಂದ್ಸಲ ಮುಟ್ಟಿ. ನಿಮ್ನ ಹಿಡೀದಿದ್ರ ನನ್ನೂ ಹಿಡಿಯಾಕಿಲ್ಲ, ಅಲ್ಲುವ್ರಾ?"

ಹಲಗೆಯಿಂದ ಒಂದು ಕಾಲು ಕೆಳಗೆ ಇಳಿಬಿಟ್ಟಿದ್ದ ಸಾಹೇಬರು ಮೆಲ್ಲಗೆ ಅದನ್ನು ಮೇಲಕ್ಕೆ ಎಳೆದುಕೊಂಡರು.

"ಕಳಚ್ತೀಯೋ ಇಲ್ವೋ?" ಸದಾಶಿವಪ್ಪ ಕುರ್ಚಿಯಲ್ಲಿ ಕೂತೇ ಕೂಗಿದ.

ಅವಳು ಕಾಲನ್ನು ಎಕ್ಕಡದೊಳಕ್ಕೆ ಇನ್ನಷ್ಟು ತೂರಿಸಿಕೊಂಡು ಅಂದಳು:

"ಕಳಚಾಕಿಲ್ಲ."